ಕಲ್ಕುಡನ ಕೈ: ಸೂರಿಲ್ಲದ ಗ್ಯಾಲರಿಯೊಂದರಲ್ಲಿ ದೈವಶಾಸ್ತ್ರದ ಪ್ರಶ್ನೆ

ಒಬ್ಬನೇ ಕಲಾವಿದನಿಗೆ ಮೀಸಲಾದ ಗ್ಯಾಲರಿಗೆ ಹೋದವರಿಗೆ ಅಲ್ಲಿಯ ಕ್ರಮ ತಿಳಿದಿರುತ್ತದೆ. ಬಾಗಿಲಲ್ಲೇ ಕಲಾವಿದನ ಹೆಸರಿರುತ್ತದೆ. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯು ಕೆ. ವೆಂಕಟಪ್ಪನವರ ಹೆಸರನ್ನೇ ಹೊತ್ತು ನಿಂತಿರುವಂತೆ. ಒಳಗೆ ಪ್ರತಿ ಕೃತಿಯ ಪಕ್ಕದಲ್ಲೂ ಒಂದು ಚೀಟಿ: ಮಾಡಿದವರು ಯಾರು, ಯಾವ ವರ್ಷ, ಯಾವ ಮಾಧ್ಯಮ. ನೋಡುಗನು ಒಂದು ಕೃತಿಯಿಂದ ಇನ್ನೊಂದಕ್ಕೆ ನಡೆಯುತ್ತಾ ಒಂದೇ ಕೈಯ ನಡೆಯನ್ನು ಹಿಂಬಾಲಿಸುತ್ತಾನೆ. ತುಳುವ ಮಣ್ಣಿನಲ್ಲೇ ಹುಟ್ಟಿ ಬೆಳೆದ ಕಲಾವಿದನೊಬ್ಬನಿಗೆ ಇಂಥ ಗ್ಯಾಲರಿ ಎಲ್ಲಿದೆ ಎಂದು ಕೇಳಿದರೆ, ಯಾವ ಕಟ್ಟಡದ ಕಡೆಗೂ ಬೆರಳು ತೋರಿಸುವಂತಿಲ್ಲ. ಅದು ಸೂರಿಲ್ಲದ ಗ್ಯಾಲರಿ. ಅದರ ಕೃತಿಗಳು ಕಾರ್ಕಳದ ಬಂಡೆಯ ಮೇಲೂ ಬೆಳ್ತಂಗಡಿ ತಾಲೂಕಿನ ವೇಣೂರಿನ ಹೊಳೆಯ ಬದಿಯಲ್ಲೂ ನಿಂತಿವೆ. ಅವುಗಳ ಹಿನ್ನೆಲೆಗೆ ಮೂಡುಬಿದಿರೆಯ ಕಂಬಗಳಿವೆ. ಕಲಾವಿದನ ಸೋದರಿಯ ಗುಡಿ ಬಂಟ್ವಾಳ ತಾಲೂಕಿನಲ್ಲಿದೆ. ಈ ಗ್ಯಾಲರಿಯ ವಿವರಪಟ್ಟಿ ಅಚ್ಚಾದ ಪುಸ್ತಕವಲ್ಲ, ಹಾಡಿಕೊಂಡು ಬಂದ ಪಾಡ್ದನ. ಕಲಾವಿದನ ಹೆಸರು ಬೀರ ಕಲ್ಕುಡ.

ಅರಸರ ಹೆಸರು ಕಲ್ಲಿನ ಬರಹದಲ್ಲಿಯೂ ಶಿಲ್ಪಿಯ ಹೆಸರು ಹಾಡಿನಲ್ಲಿಯೂ ಉಳಿದಿರುವ ಈ ನಾಡಿನಲ್ಲಿ, ಕ್ರೈಸ್ತ ದೈವಶಾಸ್ತ್ರವು ಯಾವುದನ್ನು ಓದಲು ಕಲಿಯಬೇಕು? ಈ ವಿಮರ್ಶೆಯ ಪ್ರಶ್ನೆ ಇಷ್ಟೇ. ಆದರೆ ಇದರ ಉತ್ತರವು ನಮ್ಮ ಚರ್ಚುಗಳ ಗೋಡೆಗಳವರೆಗೂ ಬರುತ್ತದೆ.

ಕಂಬ ಮತ್ತು ಮೂರ್ತಿ

ಮೂಡುಬಿದಿರೆಯ ಸಾವಿರ ಕಂಬದ ಬಸದಿಯಿಂದ ಆರಂಭಿಸುವುದು ಉಚಿತ. ತ್ರಿಭುವನ ತಿಲಕ ಚೂಡಾಮಣಿ ಎಂದು ಹೆಸರಾದ ಈ ಬಸದಿ 1430ರದು. ಹೊರಗಿನಿಂದ ನೋಡಿದರೆ ಇದು ಕರಾವಳಿಯ ಮಳೆಗೆ ತಲೆಬಾಗಿದ ಇಳಿಜಾರು ಮಾಡಿನ ದೊಡ್ಡ ಮನೆ. ಒಳಗೆ ಹೋದರೆ ಕಲ್ಲಿನ ಕಾಡು. ಅಲ್ಲಿಯ ಕಂಬಗಳ ಬಗ್ಗೆ ಊರವರು ಹೆಮ್ಮೆಯಿಂದ ಹೇಳುವ ಮಾತು, ಒಂದರಂತೆ ಇನ್ನೊಂದಿಲ್ಲ ಎಂಬುದು. ಕಂಬವೆಂಬುದು ಭಾರ ಹೊರುವ ಕೆಲಸದ ವಸ್ತು. ಒಂದೇ ಅಳತೆಯಲ್ಲಿ ಮತ್ತೆ ಮತ್ತೆ ಮಾಡಿದರೆ ಸಾಕಾಗುತ್ತಿತ್ತು. ಆದರೂ ಕೆತ್ತಿದವರು ಪುನರಾವರ್ತನೆಗೆ ಒಪ್ಪಲಿಲ್ಲ. ಕೂಲಿಗೆ ಬೇಕಾದಷ್ಟಕ್ಕಿಂತ ಹೆಚ್ಚಾಗಿ ಅವರು ಕಲ್ಲಿಗೆ ಕೊಟ್ಟಿದ್ದಾರೆ. ಆ ಹೆಚ್ಚುವರಿಯನ್ನೇ ನಾವು ಕಲೆ ಎನ್ನುತ್ತೇವೆ.

ಬಸದಿಯಾದ ಎರಡೇ ವರ್ಷಗಳಲ್ಲಿ, 1432ರಲ್ಲಿ, ಕಾರ್ಕಳದಲ್ಲಿ ವೀರಪಾಂಡ್ಯ ಭೈರರಸನು ಸುಮಾರು 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದನು. ಮುಂದೆ 1604ರಲ್ಲಿ ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು 35 ಅಡಿಯ ಗೊಮ್ಮಟನನ್ನು ಪ್ರತಿಷ್ಠಾಪಿಸಿದನು. ಮೂಡುಬಿದಿರೆಯಿಂದ ವೇಣೂರಿಗೆ ದೂರ ಹೆಚ್ಚಿಲ್ಲ. ಶ್ರವಣಬೆಳಗೊಳದಲ್ಲಿಯೂ ಕಾರ್ಕಳದಲ್ಲಿಯೂ ಮೂರ್ತಿಯನ್ನು ಕಾಣಲು ಬೆಟ್ಟ ಹತ್ತಬೇಕು. ಏದುಸಿರು ಬಿಡುತ್ತಾ ಅದರ ಮುಂದೆ ನಿಲ್ಲಬೇಕು. ವೇಣೂರಿನಲ್ಲಿ ಬೆಟ್ಟವಿಲ್ಲ. ಫಲ್ಗುಣಿ ಹೊಳೆಯ ದಡದಲ್ಲಿ, ಜನರ ಮನೆ ಗದ್ದೆಗಳ ನಡುವೆ, ಎತ್ತರದ ಜಗಲಿಯ ಮೇಲೆ ಅವನು ನಿಂತಿದ್ದಾನೆ. ಆವರಣದೊಳಗೆ ಕಾಲಿಟ್ಟ ಕೂಡಲೇ ನೋಡುಗನು ಮೂರ್ತಿಯ ಪಾದದ ಬಳಿಯಿರುತ್ತಾನೆ. ಹನ್ನೆರಡು ವರ್ಷಗಳಿಗೊಮ್ಮೆ, ಕೊನೆಯದಾಗಿ 2024ರಲ್ಲಿ, ನಡೆದ ಮಹಾಮಸ್ತಕಾಭಿಷೇಕದ ದಿನಗಳನ್ನು ಬಿಟ್ಟರೆ ಇಲ್ಲಿ ಗದ್ದಲ ಕಡಿಮೆ. ಈ ಮೌನ ಮೂರ್ತಿಗೆ ಒಪ್ಪುತ್ತದೆ. ಕೈಗಳು ನೇರವಾಗಿ ಕೆಳಗಿಳಿದಿವೆ. ಯಾವುದನ್ನೂ ಹಿಡಿದಿಲ್ಲ, ಯಾವುದನ್ನೂ ಬೇಡುತ್ತಿಲ್ಲ. ಕಾಯೋತ್ಸರ್ಗ ಎಂಬ ಹೆಸರೇ ಹೇಳುವಂತೆ ಇದು ದೇಹವನ್ನೂ ಬಿಟ್ಟುಕೊಟ್ಟ ನಿಲುವು.

ಪಾಡ್ದನ ಹೇಳುವ ಕಥೆ

ಈ ಕೃತಿಗಳ ಪಕ್ಕದಲ್ಲಿ ಪಾಡ್ದನವು ತನ್ನ ಚೀಟಿಯನ್ನು ಅಂಟಿಸುತ್ತದೆ. ಪಾಠದಿಂದ ಪಾಠಕ್ಕೆ ವಿವರಗಳು ಬೇರೆಯಾದರೂ ಕಥೆಯ ಎಲುಬು ಒಂದೇ. ಶಂಭು ಕಲ್ಕುಡನೆಂಬ ಕಲ್ಲುಕೆಲಸದವನು ಅರಸನ ಕರೆಗೆ ಓಗೊಟ್ಟು ಬೆಳಗೊಳದ ಕೆಲಸಕ್ಕೆ ಹೋಗುತ್ತಾನೆ. ಅವನ ಹಿಂದೆ ಊರಲ್ಲಿ ಬೀರ ಕಲ್ಕುಡ ಮತ್ತು ಕಲ್ಲುರ್ಟಿ ಎಂಬ ಅವಳಿ ಮಕ್ಕಳು ಬೆಳೆಯುತ್ತಾರೆ. ಮಗನು ತಂದೆಯನ್ನು ಹುಡುಕಿಕೊಂಡು ಹೋಗುತ್ತಾನೆ. ತಂದೆಯ ಉಳಿ ಸುತ್ತಿಗೆ ಅವನ ಕೈ ಸೇರುತ್ತವೆ. ಅವನ ಹೆಸರು ಕಾರ್ಕಳದ ಭೈರರಸನ ಕಿವಿಗೆ ಬೀಳುತ್ತದೆ. ಅರಸ ಕರೆಸುತ್ತಾನೆ, ಕಲ್ಕುಡ ಗೊಮ್ಮಟನನ್ನು ಕೆತ್ತುತ್ತಾನೆ. ಕೆಲಸ ಮುಗಿದಾಗ ಅರಸನು ಬಹುಮಾನ ಕೊಡುವ ಬದಲು ಶಿಲ್ಪಿಯ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸುತ್ತಾನೆ. ಇಂಥ ಮೂರ್ತಿ ಇನ್ನೊಂದು ಊರಿನಲ್ಲಿ ಏಳಬಾರದು ಎಂಬುದೇ ಕಾರಣ. ಕಲ್ಕುಡನು ಉಳಿದ ಒಂದು ಕೈ, ಒಂದು ಕಾಲಿನಿಂದ ವೇಣೂರಿಗೆ ಬರುತ್ತಾನೆ. ಅಜಿಲನ ಆಶ್ರಯದಲ್ಲಿ ಇನ್ನೊಂದು ಗೊಮ್ಮಟನನ್ನು ಕೆತ್ತುತ್ತಾನೆ. ಅಣ್ಣನನ್ನು ಹುಡುಕಿಕೊಂಡು ಬಂದ ಕಲ್ಲುರ್ಟಿ ಅವನ ಸ್ಥಿತಿಯನ್ನು ಕಂಡು ಕೆರಳುತ್ತಾಳೆ. ಇಬ್ಬರೂ ಮಾಯವಾಗಿ ದೈವಗಳಾಗುತ್ತಾರೆ, ಭೈರರಸನನ್ನು ಕಾಡುತ್ತಾರೆ, ಕೊನೆಗೆ ನೆಲೆ ಪಡೆಯುತ್ತಾರೆ.

ಕಾಲಗಣನೆಯ ದೃಷ್ಟಿಯಿಂದ ಈ ಕಥೆ ನಿಲ್ಲುವುದಿಲ್ಲ. ಕಾರ್ಕಳದ ಮೂರ್ತಿಗೂ ವೇಣೂರಿನ ಮೂರ್ತಿಗೂ ನಡುವೆ 172 ವರ್ಷಗಳ ಅಂತರವಿದೆ. ಬೆಳಗೊಳದ ಮೂರ್ತಿಯಂತೂ ಹತ್ತನೆಯ ಶತಮಾನದ ಕೊನೆಯದು. ಒಬ್ಬ ಮನುಷ್ಯನು ಎರಡು ಗೊಮ್ಮಟರನ್ನು ಕೆತ್ತಿರಲಾರನು. ಆದರೆ ಪವಿತ್ರ ಗ್ರಂಥದ ವಿಮರ್ಶಾತ್ಮಕ ಅಧ್ಯಯನವನ್ನು ಕಲಿತ ನಮಗೆ ಇದು ಎಡವುವ ಕಲ್ಲಾಗಬೇಕಾಗಿಲ್ಲ. ಯೆಶಾಯ ಎಂಬ ಒಂದು ಹೆಸರಿನ ಕೆಳಗೆ ಬೇರೆ ಬೇರೆ ಶತಮಾನಗಳ ಪ್ರವಾದನೆ ಕೂಡಿಬಂದುದನ್ನು ನಾವು ತರಗತಿಯಲ್ಲಿ ಕಲಿಸುತ್ತೇವೆ. ಅದರಿಂದ ಯೆಶಾಯನ ಗ್ರಂಥ ಸುಳ್ಳಾಯಿತೆಂದು ಯಾರೂ ಹೇಳುವುದಿಲ್ಲ. ಕಲ್ಕುಡನೆಂಬುದೂ ಅಂಥ ಹೆಸರು. ಕಲ್ಲು ಕುಟ್ಟಿ ಬದುಕಿದ ಒಂದು ಕುಲವೇ ಆ ಒಂದು ಹೆಸರಿನಲ್ಲಿ ನಿಂತಿದೆ. ಆ ಕುಲದ ಎಲ್ಲ ಕೈಗಳೂ ಆ ಒಂದು ಕೈಯಲ್ಲಿ ಕಡಿಯಲ್ಪಟ್ಟಿವೆ.

ಇದನ್ನು ಜೈನ ಸಮುದಾಯದ ಮೇಲೆ ಹೊರಿಸುವ ದೋಷಾರೋಪವೆಂದು ಓದಬಾರದು. ವೀರಪಾಂಡ್ಯನು ಹೀಗೆ ಮಾಡಿದನೆನ್ನಲು ಚರಿತ್ರೆಯ ಆಧಾರವಿಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ಬಗೆದ ಪರಂಪರೆಗೆ ಇಂಥ ಕೃತ್ಯ ಹೊರಗಿನದು. ಇಂಥ ಕಥೆ ಕ್ರೈಸ್ತ ನಾಡುಗಳಲ್ಲಿಯೂ ಇದೆ. ಮಾಸ್ಕೋ ನಗರದ ಸಂತ ಬಸೀಲನ ದೇವಾಲಯವನ್ನು ಕಟ್ಟಿದ ಶಿಲ್ಪಿಯ ಕಣ್ಣುಗಳನ್ನು ದೊರೆ ಇವಾನನು ಕೀಳಿಸಿದನೆಂದು ಅಲ್ಲಿಯ ಜನ ಹೇಳುತ್ತಾರೆ, ಅದೂ ಚರಿತ್ರೆಯಲ್ಲ. ಆದರೂ ದೂರ ದೂರದ ನಾಡುಗಳ ಜನರು ಒಂದೇ ಬಗೆಯ ಕಥೆಯನ್ನು ಕಟ್ಟಿಕೊಂಡಾಗ, ಅದರಲ್ಲಿ ಯಾವುದೋ ಒಂದು ಸತ್ಯಾಂಶವಿರಲೇಬೇಕು. ಚೆಲುವನ್ನು ಕೊಂಡವನು ಚೆಲುವನ್ನು ಮಾಡಿದವನನ್ನು ಅಂಜುತ್ತಾನೆ ಎಂಬುದೇ ಆ ಸತ್ಯ.

ಬಿಟ್ಟವನ ಮೂರ್ತಿ, ಬಿಡಲಾರದ ಅರಸ

ಪಾಡ್ದನದ ವಿಮರ್ಶಾಶಕ್ತಿ ಎಲ್ಲಿದೆ ಎಂಬುದನ್ನು ತಿಳಿಯಲು ಮೂರ್ತಿ ಯಾರದೆಂಬುದನ್ನು ನೆನೆಯಬೇಕು. ಪಂಪನ ಆದಿಪುರಾಣದ ಮೂಲಕ ಕನ್ನಡಿಗರೆಲ್ಲರಿಗೂ ಪರಿಚಿತನಾದ ಬಾಹುಬಲಿ, ಅಣ್ಣನಾದ ಭರತನನ್ನು ಗೆದ್ದೂ ಗೆಲುವನ್ನು ಕೈಬಿಟ್ಟವನು. ರಾಜ್ಯವನ್ನು ಹಿಡಿಯಬಹುದಾಗಿದ್ದ ಗಳಿಗೆಯಲ್ಲಿ ಅವನು ಬೆರಳುಗಳನ್ನು ಸಡಿಲಿಸಿದನು. ಅಂಥವನ ಮೂರ್ತಿಯನ್ನು ನಿಲ್ಲಿಸಿದ ಅರಸನೊಬ್ಬನು, ಅದು ತನ್ನದೊಂದೇ ಆಗಿರಲಿ ಎಂದು ಶಿಲ್ಪಿಯ ಕೈ ಕಡಿಸಿದನೆಂದು ಪಾಡ್ದನ ಹೇಳುತ್ತದೆ. ತ್ಯಾಗದ ಮೂರ್ತಿಯೇ ಸ್ವತ್ತಾಯಿತು. ವೇಣೂರಿನ ಇನ್ನೊಂದು ಪರಂಪರೆಯೂ ಇದೇ ಗಂಟಿನ ಕಡೆಗೆ ಬೆರಳು ಮಾಡುತ್ತದೆ: ವೇಣೂರಿನಲ್ಲಿ ಇನ್ನೊಂದು ಗೊಮ್ಮಟ ಏಳುವುದನ್ನು ಸಹಿಸದ ಕಾರ್ಕಳದ ಅರಸನು ದಂಡೆತ್ತಿ ಬಂದಾಗ, ಅಜಿಲನು ಮೂರ್ತಿಯನ್ನು ಫಲ್ಗುಣಿಯ ಮರಳಿನಲ್ಲಿ ಹೂತಿಟ್ಟು ಉಳಿಸಿಕೊಂಡನೆಂದು ಅಲ್ಲಿಯವರು ಹೇಳುತ್ತಾರೆ. ಮರಳಿನಡಿಯಲ್ಲಿ ಅಡಗಿದ ದಿಗಂಬರ ಮೂರ್ತಿ, ಅದರ ಮೇಲೆ ಇಬ್ಬರು ಅರಸರ ಜಗಳ: ಧರ್ಮದ ಚಿಹ್ನೆಯು ಅಧಿಕಾರದ ಚಿಹ್ನೆಯಾಗುವ ಅಪಾಯವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ಶಿಲುಬೆಯನ್ನು ಧ್ವಜಗಳ ಮೇಲೆ ಹೊತ್ತು ಕಡಲು ದಾಟಿದವರ ಚರಿತ್ರೆಯನ್ನು ಬಲ್ಲ ನಮಗೆ ಇದು ಪರರ ಮನೆಯ ಸುದ್ದಿಯಲ್ಲ.

ಇಲ್ಲಿ ಜಕಣಾಚಾರಿಯ ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಬೇಲೂರಿನ ಮೂರ್ತಿಯಲ್ಲಿ ದೋಷವಿದೆಯೆಂದು ಮಗನಾದ ಡಂಕಣನು ತೋರಿಸಿಕೊಟ್ಟಾಗ ಜಕಣಾಚಾರಿಯು ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡನು. ಮುಂದೆ ತುಮಕೂರಿನ ಬಳಿಯ ಕೈದಾಳದಲ್ಲಿ ದೇವರ ಕೃಪೆಯಿಂದ ಕೈ ಮರಳಿ ಬಂತು. ಅದು ಕಲಾವಿದನ ಹಮ್ಮು, ಪಶ್ಚಾತ್ತಾಪ, ಕೃಪೆಗಳ ಕಥೆ. ನಮ್ಮ ಪ್ರಸಂಗಗಳಿಗೆ ಸುಲಭವಾಗಿ ಒಗ್ಗುವಂಥದು. ಕಲ್ಕುಡನ ಕಥೆ ಹಾಗಲ್ಲ. ಅವನಲ್ಲಿ ದೋಷವಿರಲಿಲ್ಲ; ಕೃತಿ ದೋಷವಿಲ್ಲದ್ದಾಗಿತ್ತೆಂಬ ಕಾರಣಕ್ಕೇ ಕೈ ಹೋಯಿತು. ಮತ್ತು ಆ ಕೈ ಮರಳಿ ಬರಲಿಲ್ಲ. ಒಂದು ಕಥೆ ಪಾಪದ ಬಗ್ಗೆ, ಇನ್ನೊಂದು ಅನ್ಯಾಯದ ಬಗ್ಗೆ. ಇವೆರಡನ್ನೂ ಒಂದೇ ಪ್ರಸಂಗದಲ್ಲಿ ಬೆರೆಸುವ ಗುರುವು, ನೊಂದವನಿಗೆ ಪಶ್ಚಾತ್ತಾಪವನ್ನು ಬೋಧಿಸುವ ತಪ್ಪನ್ನು ಮಾಡುತ್ತಾನೆ.

ಬೆಚಲೇಲನ ದೇವರು

ಪವಿತ್ರ ಗ್ರಂಥದಲ್ಲಿ ದೇವರ ಆತ್ಮದಿಂದ ತುಂಬಿದವನೆಂದು ದೇವರೇ ಮೊದಲು ಹೆಸರಿಸಿ ಹೇಳುವ ವ್ಯಕ್ತಿ ಪ್ರವಾದಿಯಲ್ಲ, ಯಾಜಕನಲ್ಲ, ಅರಸನೂ ಅಲ್ಲ. ಯೆಹೂದ ಕುಲದ ಊರಿಯ ಮಗನಾದ ಬೆಚಲೇಲನೆಂಬ ಕೈಕೆಲಸದವನು (ವಿಮೋಚನಾಕಾಂಡ 31:1-5). ಚಿನ್ನ, ಬೆಳ್ಳಿ, ಕಂಚಿನ ಕೆಲಸ, ರತ್ನ ಕೆತ್ತುವ ಕೆಲಸ, ಮರಗೆಲಸ, ಇವೆಲ್ಲ ಅಲ್ಲಿ ಆತ್ಮದ ವರಗಳಾಗಿ ಎಣಿಸಲ್ಪಟ್ಟಿವೆ. ಅವನ ಜೊತೆಗಾರನಾದ, ದಾನ್ ಕುಲದ ಒಹೋಲಿಯಾಬನಿಗೂ ಹೆಸರಿದೆ. ಸೊಲೊಮೋನನ ದೇವಾಲಯಕ್ಕೆ ಕಂಚಿನ ಕೆಲಸ ಮಾಡಿದ ಹೀರಾಮನು ವಿಧವೆಯೊಬ್ಬಳ ಮಗನೆಂಬುದನ್ನೂ ಗ್ರಂಥವು ಮರೆಯದೆ ದಾಖಲಿಸುತ್ತದೆ (1 ಅರಸರು 7:13-14).

ಬೆಚಲೇಲನ ಪ್ರಸಂಗದಲ್ಲಿ ನಾವು ಸಾಮಾನ್ಯವಾಗಿ ಗಮನಿಸದೆ ಹೋಗುವ ಒಂದು ಮಾತಿದೆ. ದೇವರು ಅವನಿಗೂ ಒಹೋಲಿಯಾಬನಿಗೂ ಮಾಡುವ ಶಕ್ತಿಯನ್ನು ಮಾತ್ರವಲ್ಲ, ಇತರರಿಗೆ ಕಲಿಸುವ ಶಕ್ತಿಯನ್ನೂ ಅನುಗ್ರಹಿಸಿದನು (ವಿಮೋಚನಾಕಾಂಡ 35:34). ಪಾಡ್ದನದ ಭೈರರಸನ ಎದುರಿಗೆ ಈ ವಾಕ್ಯವನ್ನು ಇಟ್ಟರೆ ಇಡೀ ದೈವಶಾಸ್ತ್ರವೇ ಅದರಲ್ಲಿ ತೆರೆದುಕೊಳ್ಳುತ್ತದೆ. ಅರಸನು ಇನ್ನೊಂದು ಮೂರ್ತಿ ಏಳಬಾರದೆಂದು ಕೈಯನ್ನು ಕಡಿಸುತ್ತಾನೆ. ದೇವರು ಇನ್ನೂ ನೂರು ಕೈಗಳು ಏಳಲಿ ಎಂದು ಕಲಿಸುವ ವರವನ್ನು ಕೊಡುತ್ತಾನೆ. ಚೆಲುವನ್ನು ಒಂದೇ ಕಡೆ ನಿಲ್ಲಿಸಿಬಿಡುವುದು ಅಧಿಕಾರದ ಲಕ್ಷಣ. ಅದನ್ನು ಹಂಚುವುದು ಆತ್ಮದ ಲಕ್ಷಣ. ಈ ಅಳತೆಗೋಲಿನಿಂದ ನೋಡಿದರೆ, ಒಂದು ಕೈಯಲ್ಲಿ ವೇಣೂರಿನ ಮೂರ್ತಿಯನ್ನು ಕೆತ್ತಿದ ಕಲ್ಕುಡನು ಸೇಡಿನಿಂದ ಮಾತ್ರ ಹಾಗೆ ಮಾಡಲಿಲ್ಲ. ಕೊಟ್ಟ ವರವನ್ನು ಹಿಂದಕ್ಕೆ ಪಡೆಯಲು ಯಾವ ಅರಸನಿಗೂ ಹಕ್ಕಿಲ್ಲವೆಂಬುದನ್ನು ಅವನ ಕೆಲಸ ಸಾರಿತು.

ಆದರೆ ಗ್ರಂಥವು ತನ್ನ ಮನೆಯವರನ್ನೂ ಬಿಡುವುದಿಲ್ಲ. ಸೊಲೊಮೋನನು ದೇವಾಲಯಕ್ಕಾಗಿ ಇಸ್ರಯೇಲಿನಿಂದ 30,000 ಮಂದಿಯನ್ನು ಬಿಟ್ಟಿ ದುಡಿಮೆಗೆ ಹಿಡಿದನು (1 ಅರಸರು 5:13). ಮುಂದೆ ರಾಜ್ಯವು ಇಬ್ಭಾಗವಾದುದಕ್ಕೆ ಆ ನೊಗವೇ ಕಾರಣವಾಯಿತು. ನೆರೆಯವನಿಂದ ಕೂಲಿ ಕೊಡದೆ ದುಡಿಸಿಕೊಂಡು ವಿಶಾಲವಾದ ಮನೆ ಕಟ್ಟಿಸಿಕೊಂಡ ಯೆಹೋಯಾಕೀಮನನ್ನು ಯೆರೆಮೀಯನು ಶಪಿಸಿದ್ದಾನೆ (22:13-19). ಸಿರಾಖನ ಗ್ರಂಥದ 38ನೆಯ ಅಧ್ಯಾಯವು ಕಮ್ಮಾರ, ಕುಂಬಾರ, ಮುದ್ರೆ ಕೆತ್ತುವವರ ಬಗ್ಗೆ ಹೇಳುವ ಮಾತಂತೂ ದ್ವಂದ್ವದಿಂದ ಕೂಡಿದೆ: ಅವರಿಲ್ಲದೆ ಊರು ನಿಲ್ಲದು, ಆದರೂ ಸಭೆಯಲ್ಲಿ ಅವರಿಗೆ ಪೀಠವಿಲ್ಲ. ಪಂಡಿತನಾದ ಸಿರಾಖನು ಇದನ್ನು ಸಹಜವೆಂದೇ ಬಗೆದನು. ಆದರೆ ಅವನ ಕಾಲಾನಂತರ ದೇವರ ವಾಕ್ಯವು ಮನುಷ್ಯನಾಗಿ ಬಂದಾಗ ಪಂಡಿತನ ಮನೆಯನ್ನಲ್ಲ, ಕೈಕೆಲಸದವನ ಮನೆಯನ್ನು ಆರಿಸಿಕೊಂಡಿತು. ಮಾರ್ಕನು ಯೇಸುವನ್ನು ಕರೆಯುವ ‘ತೆಕ್ತೋನ್’ ಎಂಬ ಗ್ರೀಕ್ ಪದ (6:3) ಬಡಗಿಯನ್ನು ಮಾತ್ರವಲ್ಲ, ಕಟ್ಟಡದ ಕೆಲಸಗಾರನನ್ನೂ ಸೂಚಿಸಬಲ್ಲದು. ಹೀಗೆ ಪೀಠವಿಲ್ಲದವರ ನಡುವಿನಿಂದಲೇ ಸಭೆಯ ತಲೆಗಲ್ಲು ಬಂತು.

ಕಲ್ಲುರ್ಟಿಯ ಕೋಪ

ಇಲ್ಲಿಯವರೆಗೆ ಬಂದ ಗುರು ಅಭ್ಯರ್ಥಿಗೆ ಒಂದು ಪ್ರಲೋಭನೆ ಕಾದಿರುತ್ತದೆ. ಪುನರುತ್ಥಿತನಾದ ಪ್ರಭುವು ಶಿಷ್ಯರಿಗೆ ತನ್ನ ಕೈಗಳನ್ನೂ ಕಾಲುಗಳನ್ನೂ ತೋರಿಸಿದನೆಂದು ಲೂಕನು ಬರೆಯುತ್ತಾನೆ (24:39-40). ಕಲ್ಕುಡನು ಕಳೆದುಕೊಂಡದ್ದೂ ಒಂದು ಕೈ, ಒಂದು ಕಾಲು. ಹೋಲಿಕೆ ಕೈಗೆಟುಕುವಂತಿದೆ, ಕಲ್ಕುಡನನ್ನು ತುಳುನಾಡಿನ ಕ್ರಿಸ್ತನೆಂದು ಕರೆದು ಪ್ರಬಂಧವನ್ನು ಮುಗಿಸಿಬಿಡಬಹುದು. ಹಾಗೆ ಮಾಡುವುದು ಎರಡು ಕಡೆಗೂ ಅನ್ಯಾಯ. ಕ್ರಿಸ್ತನು ಗಾಯಗಳನ್ನು ತೋರಿಸಿ ಶಾಂತಿಯನ್ನು ನುಡಿದನು; ಕಲ್ಕುಡ ಕಲ್ಲುರ್ಟಿಯರು ಗಾಯವನ್ನು ಹೊತ್ತು ಅರಸನನ್ನು ಕಾಡಿದರು. ಪಾಡ್ದನವು ಕ್ಷಮೆಯ ಕಥೆಯಲ್ಲ. ಅದನ್ನು ಶುಭಸಂದೇಶದ ಮುನ್ನುಡಿಯನ್ನಾಗಿ ಮಾತ್ರ ಓದುವವನು ಅದರ ಮಾತಿಗೆ ಕಿವಿಗೊಡುತ್ತಿಲ್ಲ, ತನ್ನ ಮಾತನ್ನೇ ಅದರ ಬಾಯಲ್ಲಿ ಕೇಳುತ್ತಿದ್ದಾನೆ.

ಪಾಡ್ದನವನ್ನು ಅದರ ಪಾಡಿಗೆ ಕೇಳಿದರೆ ಮುಂದೆ ನಿಲ್ಲುವವಳು ಸೋದರಿ. ಬಂಟ್ವಾಳ ತಾಲೂಕಿನ ಸಜೀಪಮೂಡದ ಪಣೋಲಿಬೈಲಿನಲ್ಲಿರುವ ಕಲ್ಲುರ್ಟಿ ದೈವಸ್ಥಾನದ ಖ್ಯಾತಿಯನ್ನು ಈ ಭಾಗದ ಗುರುಗಳು ಬಲ್ಲರು. ಜನರು ಅಲ್ಲಿಗೆ ಹೋಗುವುದು ಶಿಲ್ಪಕಲೆಯನ್ನು ನೆನೆಯಲು ಅಲ್ಲ. ತಮಗಾದ ಅನ್ಯಾಯವನ್ನು ಹೇಳಿಕೊಳ್ಳಲು, ಕಳೆದುಹೋದುದನ್ನು ಕೇಳಲು. ಕಲಾವಿದನಿಗಿಂತ ಅವನಿಗಾಗಿ ನ್ಯಾಯ ಕೇಳಿದವಳನ್ನು ಜನರು ಹೆಚ್ಚು ನೆನೆದಿದ್ದಾರೆ. ಇದು ಸಣ್ಣ ಸಂಗತಿಯಲ್ಲ. ಪವಿತ್ರ ಗ್ರಂಥದಲ್ಲಿಯೂ ಅವಳಿಗೆ ಒಡಹುಟ್ಟಿದವರಿದ್ದಾರೆ. ಕೊಲ್ಲಲ್ಪಟ್ಟ ಮಕ್ಕಳ ಶವಗಳನ್ನು ಹಕ್ಕಿ ಮೃಗಗಳಿಂದ ಕಾಯುತ್ತಾ, ದಾವೀದನು ಎಚ್ಚರಗೊಳ್ಳುವವರೆಗೂ ಬಂಡೆಯ ಮೇಲೆ ಕುಳಿತ ರಿಚ್ಪಳು (2 ಸಮುವೇಲ 21:10-14) ಒಬ್ಬಳು. ನ್ಯಾಯಾಧೀಶನನ್ನು ಬಿಡದೆ ಕಾಡಿದ ವಿಧವೆ (ಲೂಕ 18:1-8) ಇನ್ನೊಬ್ಬಳು. ಹೇಬೆಲನ ರಕ್ತವು ನೆಲದಿಂದ ಕೂಗಿತು (ಆದಿಕಾಂಡ 4:10). ಬಲಿಪೀಠದ ಕೆಳಗಿನ ಹುತಾತ್ಮರು ಇನ್ನೆಷ್ಟು ಕಾಲವೆಂದು ಕೇಳಿದರು (ಪ್ರಕಟನಾ ಗ್ರಂಥ 6:9-10). ಆ ಕೂಗನ್ನು ದೇವರು ಗದರಿಸಲಿಲ್ಲ. ಕ್ರಿಸ್ತನ ರಕ್ತವು ಹೇಬೆಲನ ರಕ್ತಕ್ಕಿಂತ ಶ್ರೇಷ್ಠವಾದುದನ್ನು ನುಡಿಯುತ್ತದೆಂದು ಹಿಬ್ರಿಯರಿಗೆ ಬರೆದ ಪತ್ರ (12:24) ಹೇಳುವುದು ನಿಜ. ಆದರೆ ಶ್ರೇಷ್ಠವಾದುದನ್ನು ನುಡಿಯಲು ಮೊದಲಿನದನ್ನು ಪೂರ್ತಿಯಾಗಿ ಕೇಳಿಸಿಕೊಂಡಿರಬೇಕು. ಕ್ಷಮೆಯನ್ನು ಕಲ್ಕುಡನಿಗೆ ಬೋಧಿಸುವ ಹಕ್ಕು ಭೈರರಸನ ಆಸ್ಥಾನದ ಪುರೋಹಿತನಿಗಿಲ್ಲ.

ಕಿವಿಗೊಡುವ ಕೆಲಸದಲ್ಲಿ ನಮ್ಮ ಕ್ರೈಸ್ತ ಪೂರ್ವಸೂರಿಗಳ ದಾಖಲೆ ಮಿಶ್ರವಾಗಿದೆ. ಪಾಡ್ದನಗಳನ್ನು ಮೊದಲು ಅಚ್ಚಿಗೆ ತಂದವರಲ್ಲಿ ಬಾಸೆಲ್ ಮಿಷನಿನ ಆಗಸ್ಟ್ ಮ್ಯಾನರ್ ಮುಖ್ಯರು. ‘ಪಾಡ್ದನೊಳು’ ಎಂಬ ಸಂಗ್ರಹವೂ ಅವರ ತುಳು ನಿಘಂಟೂ 1886ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದವು. ನ್ಯಾಯಾಧೀಶರಾಗಿದ್ದ ಎ. ಸಿ. ಬರ್ನೆಲ್ ಅವರ ಸಂಗ್ರಹ, ಅವರ ಮರಣಾನಂತರ 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಹೊರಬಂತು. ಕಲ್ಕುಡ ಕಲ್ಲುರ್ಟಿಯರ ಕಥೆಯೂ ಅದರಲ್ಲಿದೆ. ಆದರೆ ಅದರ ಶೀರ್ಷಿಕೆ ‘ದಿ ಡೆವಿಲ್ ವರ್ಶಿಪ್ ಆಫ್ ದ ತುಳುವಾಸ್’. ಕೈ ಕಡಿಸಿಕೊಂಡವನನ್ನು ಪಿಶಾಚಿಯೆಂದು ಕರೆದು, ಕಡಿಸಿದವನನ್ನು ಅರಸನೆಂದೇ ಕರೆದ ಶೀರ್ಷಿಕೆಯದು. ಕಾಪಾಡಿದ ಕೈಯೇ ತಪ್ಪು ಚೀಟಿಯನ್ನೂ ಅಂಟಿಸಿತು. ಮುಂದೆ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರಂಥ ವಿದ್ವಾಂಸರು ಈ ಪರಂಪರೆಯನ್ನು ಅದರ ಒಳಗಿನಿಂದ ಓದುವ ದಾರಿಯನ್ನು ತೋರಿಸಿಕೊಟ್ಟರು. ನಾವು ದೈವಾರಾಧನೆಯಲ್ಲಿ ಪಾಲ್ಗೊಳ್ಳುವವರಲ್ಲ; ಮೊದಲ ಆಜ್ಞೆ ನಮಗೆ ಸ್ಪಷ್ಟವಾಗಿದೆ. ಆದರೆ ನಾವು ಕಲಿಸುವ ವಿಷಯಕ್ಕೆ ಕನ್ನಡದಲ್ಲಿ ಇರುವ ಹೆಸರೇ ದೈವಶಾಸ್ತ್ರ. ಈ ಪದವನ್ನು ತುಳುನಾಡಿನ ಕೃಷಿಕನೊಬ್ಬನ ಮುಂದೆ ಹೇಳಿದರೆ ಅವನಿಗೆ ಕಲ್ಲುರ್ಟಿಯ ನೆನಪಾದೀತು. ನಮ್ಮ ವಿದ್ಯೆಗೆ ಈ ಮಣ್ಣು ಕೊಟ್ಟ ಹೆಸರಿನೊಳಗೇ ಅವಳ ದೂರು ಅಡಗಿದೆ. ಅದನ್ನು ಕೇಳದೆ ಹೆಸರನ್ನು ಮಾತ್ರ ಬಳಸುವುದು ಸರಿಯಲ್ಲ.

ಪಾಡ್ದನದ ಮಿತಿ

ವಿಮರ್ಶೆಯು ಹೊಗಳಿಕೆಯಲ್ಲಿ ಮುಗಿಯಬಾರದು. ಪಾಡ್ದನಕ್ಕೂ ಮಿತಿಯಿದೆ. ಅದು ಕಲಾವಿದನ ಹೆಸರನ್ನು ಉಳಿಸಿತು. ಆದರೆ ಅವನನ್ನು ದೈವವನ್ನಾಗಿ ಮಾಡಿ ಉಳಿಸಿತು. ಬದುಕಿದ್ದಾಗ ಕೂಲಿಯೂ ಸಿಗದವನಿಗೆ ಸತ್ತ ಮೇಲೆ ಕೋಲ ಸಿಕ್ಕಿತು. ಕೋಲದ ರಾತ್ರಿ ಪಂಬದ, ಪರವ, ನಲಿಕೆ ಸಮುದಾಯದವರು ದೈವವಾಗಿ ನುಡಿಯುವಾಗ ಊರಿನ ಗುತ್ತು ಬರ್ಕೆಯ ಯಜಮಾನರು ಕೈಮುಗಿದು ನಿಲ್ಲುತ್ತಾರೆ. ಬೆಳಗಾದಾಗ ಬಣ್ಣ ಅಳಿಯುತ್ತದೆ. ನುಡಿದವನು ಮತ್ತೆ ಅಂಗಳದ ಹೊರಗೆ. ಒಂದು ರಾತ್ರಿಯ ನ್ಯಾಯವು ಹಗಲಿನ ಅನ್ಯಾಯವನ್ನು ತಡೆಯುವುದೇ, ಅಥವಾ ಅದನ್ನು ತಾಳಿಕೊಳ್ಳಲು ಕಲಿಸುವುದೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ಈ ಪ್ರಶ್ನೆಯನ್ನು ಕೇಳುವಾಗ ಭಾನುವಾರದ ಒಂದು ಗಂಟೆ ಎಲ್ಲರೂ ಒಂದೇ ಪೀಠದ ಮುಂದೆ ಮಂಡಿಯೂರಿ, ಸೋಮವಾರ ಬೇರೆ ಬೇರೆ ಅಂಗಳಗಳಿಗೆ ಮರಳುವ ನಮ್ಮ ಸಭೆಯನ್ನೂ ಅದರೊಳಗೆ ಸೇರಿಸಿಕೊಳ್ಳಬೇಕು.

ಬೇರೊಂದು ದಾರಿಯೂ ಇದೆಯೆಂಬುದಕ್ಕೆ ಸಾಕ್ಷಿ ಬೆಳ್ತಂಗಡಿ ತಾಲೂಕಿನಲ್ಲೇ ಇದೆ. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠಾಪನೆಗೊಂಡ 39 ಅಡಿಯ ಬಾಹುಬಲಿಯನ್ನು ಕೆತ್ತಿದವರು ಕಾರ್ಕಳದ ರೆಂಜಾಳ ಗೋಪಾಲಕೃಷ್ಣ ಶೆಣೈ. ಕಲ್ಕುಡನ ಕೈ ಕಡಿಯಲ್ಪಟ್ಟಿತೆಂದು ಹಾಡಿದ ಅದೇ ಕಾರ್ಕಳದಿಂದ ಈ ಶಿಲ್ಪಿ ಬಂದರು. ಅವರ ಹೆಸರು ಬದುಕಿದ್ದಾಗಲೇ ನಾಡಿಗೆ ತಿಳಿದಿತ್ತು. ಶಿಲ್ಪಿಯು ದೈವವಾಗಬೇಕಾಗಿಲ್ಲ, ಮನುಷ್ಯನಾಗಿ ಉಳಿದು, ಹೆಸರಿನಿಂದ ಕರೆಯಲ್ಪಟ್ಟರೆ ಸಾಕು. ಒಂದೇ ತಾಲೂಕಿನ ಎರಡು ಮೂರ್ತಿಗಳ ನಡುವೆ ನಾಡು ನಡೆದುಬಂದ ದೂರ ಇದು.

ನಮ್ಮ ಗೋಡೆಗಳು

ಈಗ ಪ್ರಶ್ನೆ ನಮ್ಮ ಕಡೆಗೆ ತಿರುಗುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಚಿತ್ರಗಳನ್ನು ಬರೆದ ಅಂತೋನಿಯೊ ಮೊಸ್ಕೇನಿಯವರ ಹೆಸರು ನಮ್ಮೆಲ್ಲರಿಗೂ ಗೊತ್ತು, ಗೊತ್ತಿರಬೇಕಾದದ್ದೇ. ಇಟಲಿಯಿಂದ ಬಂದ ಆ ಜೆಸ್ವಿತ್ ಸಹೋದರರು ಆ ಗೌರವಕ್ಕೆ ಅರ್ಹರು. ಆದರೆ ನಮ್ಮ ನಮ್ಮ ಧರ್ಮಕೇಂದ್ರದ ಹಳೆಯ ಬಲಿಪೀಠದ ಮರವನ್ನು ಕೆತ್ತಿದ ಆಚಾರಿ ಯಾರು, ಮುರಕಲ್ಲನ್ನು ಕಡಿದು ಗೋಡೆ ಎತ್ತಿದವರು ಯಾರು, ಗಂಟೆಗೋಪುರದ ಗಾರೆಯನ್ನು ಮೆತ್ತಿದವರು ಯಾರು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ದಾನಿಗಳ ಹೆಸರು ಅಮೃತಶಿಲೆಯ ಫಲಕದಲ್ಲಿ, ಬೆಂಚುಗಳ ಬೆನ್ನಲ್ಲಿ, ಕಿಟಕಿಯ ಗಾಜಿನಲ್ಲಿ ಇರುತ್ತದೆ. ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ವಿಚಾರಣಾ ಗುರುಗಳ ಭಾವಚಿತ್ರಗಳು ಸಾಲಾಗಿ ಬರುತ್ತವೆ. ಕಟ್ಟಿದವರಿಗೆ ಒಂದು ಸಾಲೂ ಇರುವುದಿಲ್ಲ. ನಾವು ಯಾರ ಕೈಯನ್ನೂ ಕಡಿಸಿಲ್ಲ, ನಿಜ. ಆದರೆ ಹೆಸರನ್ನು ಕಡಿಯುವುದೂ ಒಂದು ಬಗೆಯ ಕಡಿತವೇ.

ಅನಾಮಿಕತೆಯೇ ಭಕ್ತಿಯ ಲಕ್ಷಣವಲ್ಲವೇ ಎಂದು ಕೇಳುವವರಿದ್ದಾರೆ. ಪೌರಸ್ತ್ಯ ಸಭೆಯ ಐಕಾನುಗಳನ್ನು ಬರೆದವರು ಸಾಮಾನ್ಯವಾಗಿ ರುಜು ಹಾಕುತ್ತಿರಲಿಲ್ಲ. ದೇವರ ಮಹಿಮೆಯೇ ಅವರಿಗೆ ಸಾಕಾಗಿತ್ತು. ಇದು ಗೌರವಿಸಬೇಕಾದ ಆಕ್ಷೇಪ. ಆದರೆ ಹೆಸರನ್ನು ತಾನೇ ಬಿಟ್ಟುಕೊಡುವುದು ಬೇರೆ, ಹೆಸರನ್ನು ಯಾರೂ ಕೇಳದಿರುವುದು ಬೇರೆ. ಬಾಹುಬಲಿಯು ಬಿಟ್ಟದ್ದು ತ್ಯಾಗ. ಕಲ್ಕುಡನು ಕಳೆದುಕೊಂಡದ್ದು ತ್ಯಾಗವಲ್ಲ. ಬಡವನ ನಷ್ಟಕ್ಕೆ ದೀನತೆಯೆಂಬ ಹೆಸರಿಡುವುದು ನಮ್ಮ ಧರ್ಮಭಾಷೆಯ ಹಳೆಯ ಕಾಯಿಲೆ. ದುಡಿಮೆಯ ಘನತೆಯು ಮಾಡಿದ ವಸ್ತುವಿನಿಂದಲ್ಲ, ಮಾಡಿದ ವ್ಯಕ್ತಿಯಿಂದ ಹುಟ್ಟುತ್ತದೆಂದು ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1981ರ ‘ಲಬೋರೆಮ್ ಎಕ್ಸೆರ್ಸೆನ್ಸ್’ ಪರಿಪತ್ರದಲ್ಲಿ ಬೋಧಿಸಿದ್ದಾರೆ. ವ್ಯಕ್ತಿಗೆ ಹೆಸರಿಲ್ಲದಿದ್ದರೆ ಆ ಬೋಧನೆಗೆ ನಿಲ್ಲಲು ನೆಲವಿಲ್ಲ.

ಇದಕ್ಕೆ ಹೊಸ ಚಳವಳಿಯೇನೂ ಬೇಕಾಗಿಲ್ಲ. ದೈವಾರಾಧನಾ ವಿಧಿಯಲ್ಲೇ ದಾರಿಯಿದೆ. ಇಲ್ಲಿ ‘ದೈವಾರಾಧನೆ’ ಎಂದರೆ ನಮ್ಮ ಸಭೆಯ ಆರಾಧನೆ. ಪದಗಳು ಹೀಗೆ ಒಂದರೊಳಗೊಂದು ಸೇರಿಕೊಂಡಿರುವ ನಾಡಿನಲ್ಲಿ ನಾವಿದ್ದೇವೆ. ದೇವಾಲಯದ ಪ್ರತಿಷ್ಠಾಪನೆಯ 1977ರ ವಿಧಿಯ ಪ್ರಕಾರ, ಧರ್ಮಾಧ್ಯಕ್ಷರು ಬಾಗಿಲಿಗೆ ಬಂದಾಗ ಕಟ್ಟಡಕ್ಕೆ ಶ್ರಮಿಸಿದವರ ಪ್ರತಿನಿಧಿಗಳು ಅದನ್ನು ಅವರಿಗೆ ಒಪ್ಪಿಸುತ್ತಾರೆ. ಒಪ್ಪಿಸುವಾಗ ಕೊಡಬಹುದಾದ ವಸ್ತುಗಳಲ್ಲಿ ಒಂದು, ಕೆಲಸ ನಡೆದ ಬಗೆಯನ್ನೂ ಅದನ್ನು ನಡೆಸಿದವರ ಹಾಗೂ ಕೆಲಸಗಾರರ ಹೆಸರುಗಳನ್ನೂ ಬರೆದಿಟ್ಟ ಪುಸ್ತಕ. ನಾವು ಸಾಮಾನ್ಯವಾಗಿ ಬೀಗದ ಕೈಯನ್ನು ಕೊಟ್ಟು ಮುಂದೆ ಹೋಗುತ್ತೇವೆ. ಪುಸ್ತಕವನ್ನು ಬರೆದಿರುವುದಿಲ್ಲ.

ಆ ಪುಸ್ತಕವನ್ನು ಬರೆಯುವುದು ಮುಂದೆ ಚರ್ಚು ಕಟ್ಟಿಸುವ ಪ್ರತಿಯೊಬ್ಬ ಗುರುವಿನ ಕರ್ತವ್ಯವಾಗಲಿ. ಕಟ್ಟಿದವರು ಯಾವ ಧರ್ಮದವರು, ಯಾವ ಜಾತಿಯವರು, ಯಾವ ರಾಜ್ಯದಿಂದ ಕೂಲಿಗೆ ಬಂದವರು ಎಂಬುದು ಅಡ್ಡಿಯಾಗದಿರಲಿ. ಹೀರಾಮನ ತಂದೆಯೂ ತೂರ್ ಪಟ್ಟಣದವನು. ಹಳೆಯ ಚರ್ಚುಗಳಿರುವಲ್ಲಿ ಗುರು ಅಭ್ಯರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಹಿರಿಯರನ್ನು ವಿಚಾರಿಸಿ ಸಿಕ್ಕಷ್ಟು ಹೆಸರುಗಳನ್ನು ಬರೆದುಕೊಳ್ಳಲಿ. ತುಳುನಾಡಿನ ನಿರಕ್ಷರ ಜನರು ತಮ್ಮ ಶಿಲ್ಪಿಯ ಹೆಸರನ್ನು ಶತಮಾನಗಳ ಕಾಲ ಬಾಯಿಂದ ಬಾಯಿಗೆ ದಾಟಿಸಿದರು. ಅಕ್ಷರ ಬಲ್ಲ, ಆತ್ಮದ ವರಗಳನ್ನು ಬೋಧಿಸುವ ನಾವು ಒಂದು ಪುಟ ಬರೆಯಲಾರೆವೇ?